ಕುಳ್ಳರನ್ನು ಆರಿಸುತ್ತಿದ್ದ ಕೋಚ್

ನಮ್ಮೂರು ಸೋಮವಾರಪೇಟೆ. ಅಲ್ಲಿ ಹಾಕಿ ಅಂದರೆ ಒಂದೇ ಹಾಕಿ. ಕೊಡಗಿನ ಬೇರೆ ಊರುಗಳ ಹಾಗೇ ನಮ್ಮಲ್ಲೂ ಹುಡುಗರು ಸರಿಯಾಗಿ ಓಡೋದು ಕಲಿಯುವ ಮೊದಲೇ ಸ್ಟಿಕ್ ಹಿಡಿಯುತ್ತಾರೆ. ನಾನೂ ಹಿಡಿದಿದ್ದೆ. ಆದರೆ ನಮ್ಮ ಪಿಟಿ ಮೇಷ್ಟ್ರಿಗೆ ಎತ್ತರದ ಹುಡುಗರೇ ಬೇಕು. ನಾನೋ ಐದಡಿ ಮೂರಿಂಚಿಗೆ ನಿಂತುಬಿಟ್ಟವನು. ಹಾಗಾಗಿ ಟೀಮಲ್ಲಿ ನನ್ನ ಕೆಲಸ ನೀರಿನ ಕ್ಯಾನ್ ಹೊರೋದು, ಸ್ಟಿಕ್‌ಗಳನ್ನು ಲೆಕ್ಕ ಮಾಡಿ ಸ್ಟೋರ್ ರೂಮಲ್ಲಿ ಇಡೋದು, ಇಷ್ಟೇ.

2013ರ ಆಗಸ್ಟಲ್ಲಿ ಫೈನಾನ್ಸ್ ಓದೋಕೆ ಬಾಸ್ಟನ್ ಕಾಲೇಜಿಗೆ ಹೋದೆ. ಸ್ಟೂಡೆಂಟ್ ವೀಸಾದವರು ಕ್ಯಾಂಪಸ್ ಒಳಗೆ ವಾರಕ್ಕೆ 20 ಗಂಟೆ ಕೆಲಸ ಮಾಡಬಹುದು. ಲೈಬ್ರರಿ ಕೆಲಸ ಎಲ್ಲರೂ ಆಗಲೇ ಹಂಚಿಕೊಂಡಿದ್ದರು. ಉಳಿದಿದ್ದು ಕಾಂಟೆ ಫೋರಮ್ ಅನ್ನೋ ಒಳಾಂಗಣ ಕ್ರೀಡಾಂಗಣದಲ್ಲಿ ಟಿಕೆಟ್ ನೋಡಿ ಸೀಟು ತೋರಿಸೋ ಕೆಲಸ. ಯಾವ ಆಟ ಅಂತ ಕೇಳಿದೆ. ಹಾಕಿ ಅಂದರು. ಖುಷಿಯಾಗಿ ಸಹಿ ಹಾಕಿ ಬಂದೆ.

ಅದು ಐಸ್ ಹಾಕಿ, ಅಂದರೆ ಮಂಜುಗಡ್ಡೆ ಮೇಲೆ ಆಡೋ ಹಾಕಿ ಅಂತ ಆಮೇಲೆ ಗೊತ್ತಾಯಿತು. ರಾತ್ರಿ ಫೋನಲ್ಲಿ ಅಮ್ಮ ಕೇಳಿದರು, "ಅಲ್ಲಿ ನೆಲ ಎಲ್ಲಾ ಐಸು ಅಂತೀಯ. ಅದರ ಮೇಲೆ ಚೆಂಡು ಹೇಗೋ ಉರುಳುತ್ತೆ?"

"ಚೆಂಡಲ್ಲ ಅಮ್ಮ, ಬಿಲ್ಲೆ."

ಬಿಲ್ಲೆ ಅನ್ನೋದೇ ಅದಕ್ಕೆ ಸರಿಯಾದ ಮಾತು. ಎಲ್ಲರೂ ಪಕ್ ಅಂತಾರೆ. ಮೂರು ಇಂಚು ಅಗಲ, ಒಂದು ಇಂಚು ದಪ್ಪ, ಹೆಚ್ಚುಕಮ್ಮಿ 170 ಗ್ರಾಂ ತೂಕದ ಕಪ್ಪು ರಬ್ಬರು. ಶೂ ಪಾಲಿಶ್ ಡಬ್ಬಿಯ ಹಾಗೆ ಇರುತ್ತದೆ. ಆಟಕ್ಕೆ ಮೊದಲು ಅದನ್ನು ಫ್ರೀಜರ್‌ನಲ್ಲಿ ಇಟ್ಟು ಹೆಪ್ಪುಗಟ್ಟಿಸುತ್ತಾರೆ, ಇಲ್ಲದಿದ್ದರೆ ಐಸ್ ಮೇಲೆ ಜಾರೋ ಬದಲು ಪುಟಿಯುತ್ತದೆ. ಈ ಫ್ರೀಜರ್ ವಿಷಯ ನನಗೆ ಗೊತ್ತಾಗಿದ್ದು 2014ರ ಜನವರಿಯ ಒಂದು ಶುಕ್ರವಾರ, ಚೆನ್ನಾಗಿ ಬಿದ್ದ ಮೇಲೆ.

ಆವತ್ತು ಹೊರಗೆ ಸೊನ್ನೆಗಿಂತ ಕೆಳಗೆ ಚಳಿ. ಗ್ರೀನ್ ಲೈನ್‌ನ ಬಿ ಟ್ರಾಮ್ ಕೊನೆಯ ಸ್ಟಾಪ್ ನಮ್ಮ ಕಾಲೇಜು. ಅದೇ ಟ್ರಾಮ್ ದಾರಿಯಲ್ಲಿ ಬಾಸ್ಟನ್ ಯೂನಿವರ್ಸಿಟಿಯನ್ನೂ ದಾಟಿಕೊಂಡು ಬರುತ್ತದೆ. ಹೆಸರು ಒಂದೇ ಥರ ಇರೋ ಈ ಎರಡು ಕಡೆಯವರಿಗೂ ಹಾಕಿಯಲ್ಲಿ ಹಾವು ಮುಂಗುಸಿ ಸಂಬಂಧ. ಆವತ್ತಿನ ಎದುರಾಳಿ ಅವರಲ್ಲ ಬಿಡಿ. ನಾನು ತಲುಪಿದಾಗ ಐದೂವರೆ. ಸಾಮಾನು ನೋಡಿಕೊಳ್ಳೋ ಹುಡುಗರಲ್ಲಿ ಒಬ್ಬನಿಗೆ ಜ್ವರ, ಬಂದಿರಲಿಲ್ಲ. ಖಾಲಿ ನಿಂತಿದ್ದ ನನ್ನ ಕೈಗೆ ಒಂದು ಬಕೆಟ್ ಕೊಟ್ಟು ಆಚೆ ಬದಿಯ ಸ್ಕೋರರ್ ಟೇಬಲ್ ಹತ್ತಿರ ಇಟ್ಟು ಬಾ ಅಂದರು. ಬಕೆಟ್ ತುಂಬ ಹೆಪ್ಪುಗಟ್ಟಿದ ಪಕ್‌ಗಳು. ಒಂದನ್ನು ಎತ್ತಿ ನೋಡಿದೆ, ಬೆರಳು ಅಂಟಿಕೊಂಡಂತಾಯಿತು.

ರಬ್ಬರ್ ಮ್ಯಾಟ್ ಹಾಸಿದ ದಾರಿಯಲ್ಲಿ ಸುತ್ತು ಹಾಕಿಕೊಂಡು ಹೋಗಬೇಕಿತ್ತು. ನಾನು ಅಡ್ಡದಾರಿ ಹಿಡಿದೆ. ಬಾಗಿಲು ತೆರೆದಿತ್ತು, ಆಟಗಾರರು ಆಗತಾನೇ ವಾರ್ಮಪ್‌ಗೆ ಇಳಿಯುತ್ತಿದ್ದರು, ನಾಲ್ಕೇ ಹೆಜ್ಜೆ ಅಲ್ವಾ ಅಂತ ಕ್ಯಾನ್ವಾಸ್ ಶೂ ಕಾಲನ್ನು ಐಸ್ ಮೇಲಿಟ್ಟೆ. ಎರಡನೇ ಹೆಜ್ಜೆಗೆ ನಾನು ಒಂದು ಕಡೆ, ಬಕೆಟ್ ಇನ್ನೊಂದು ಕಡೆ. ಪಕ್‌ಗಳು ಮದುವೆಮನೆಯಲ್ಲಿ ಹರಿದ ಸರದ ಮಣಿಗಳ ಹಾಗೆ ದಿಕ್ಕಾಪಾಲಾದವು. ಹಳದಿ ಟೀ ಶರ್ಟ್ ಹಾಕಿಕೊಂಡು ಮೊದಲೇ ಬಂದು ಕೂತಿದ್ದ ವಿದ್ಯಾರ್ಥಿಗಳು ಗೋಲ್ ಆದ ಹಾಗೆ ಚೀರಿದರು. ಆಟಗಾರರು ಸ್ಟಿಕ್ಕನ್ನು ಐಸಿಗೆ ತಟತಟ ಬಡಿದರು. ಅದು ಅವರ ಚಪ್ಪಾಳೆ ಅಂತೆ. ಒಬ್ಬ ಸರ್ರನೆ ಬಂದು ನನ್ನ ತೋಳು ಹಿಡಿದು ಎತ್ತಿದ. ಕಾಲೇಜು ಆಟಗಾರರ ಹೆಲ್ಮೆಟ್ಟಿಗೆ ಮುಖದ ಮುಂದೆ ಪೂರ್ತಿ ಕಂಬಿ ಇರುತ್ತದೆ, ಯಾರು ಅಂತ ಕಾಣಲಿಲ್ಲ. ಅದು ನಮ್ಮ ಟೀಮಿನ ಸ್ಟಾರ್ ಆಟಗಾರ ಜಾನಿ ಗುಡ್ರೋ ಅಂತ ಹೇಳಿಕೊಂಡು ಇಷ್ಟು ವರ್ಷ ತಿರುಗಬಹುದಿತ್ತು. ಆದರೆ ಜಾನಿಯ ನಂಬರ್ 13. ನನ್ನನ್ನು ಎತ್ತಿದವನದು ಖಂಡಿತ ಅದಲ್ಲ.

ಪಕ್ ಎಲ್ಲ ಆರಿಸಿದ ಮೇಲೆ ಒಂದು ಕಮ್ಮಿ ಬಂತು. ಸೊಂಟ ಹಿಡಿದುಕೊಂಡಿತ್ತು. ನನ್ನ ಅವಸ್ಥೆ ನೋಡಿ ನಮ್ಮ ಜೊತೆ ಕೆಲಸ ಮಾಡುತ್ತಿದ್ದ ಅಜ್ಜ, ವಯಸ್ಸು ಎಪ್ಪತ್ತರ ಮೇಲೆ, ಇವತ್ತು ಮೆಟ್ಟಿಲು ಹತ್ತಿ ಇಳಿಯೋ ಕಡೆ ಬೇಡ ಅಂತ ಕೆಳಗೆ ತನ್ನ ಜಾಗಕ್ಕೆ ಕರೆದ. ಅದು ನಮ್ಮ ಟೀಮಿನ ಬೆಂಚಿನ ಹಿಂದಿನ ಸಾಲು. ಹಾಗೆ ನಮ್ಮ ಕೋಚ್ ಜೆರ್ರಿ ಯಾರ್ಕ್ ಅವರನ್ನು ಎರಡೂವರೆ ಗಂಟೆ ಹಿಂದಿನಿಂದ ನೋಡೋ ಭಾಗ್ಯ ಸಿಕ್ಕಿತು.

ಕೋಟು, ಟೈ. ಬೆಳ್ಳಿ ಕೂದಲು. 68 ವರ್ಷ. ಬ್ಯಾಂಕ್ ಮ್ಯಾನೇಜರ್ ಅಂದರೆ ನಂಬಬಹುದಿತ್ತು.

ನಾನು ಕಾಯುತ್ತಿದ್ದುದು ಬೈಗುಳಕ್ಕೆ. ಕೋಚ್ ಅಂದ ಮೇಲೆ ಕೂಗಬೇಕು, ಅಲ್ವಾ? ನಮ್ಮ ಮೇಷ್ಟ್ರು ಸೀಟಿ ಊದದೆ ಇದ್ದ ನಿಮಿಷ ಇಲ್ಲ. ಇವರು ಕೂಗಲೇ ಇಲ್ಲ. ಆಮೇಲೆ ಅರ್ಥವಾಯಿತು, ಅಲ್ಲಿ ಕೂಗೋಕೆ ಪುರುಸೊತ್ತೂ ಇಲ್ಲ. ಐಸ್ ಮೇಲೆ ಒಂದು ಸಲಕ್ಕೆ ಐದು ಜನ ಮತ್ತು ಗೋಲ್ ಕೀಪರ್. ಪೂರ್ತಿ ಜೋರಲ್ಲಿ ಸ್ಕೇಟ್ ಮಾಡಿದರೆ ಮುಕ್ಕಾಲು ನಿಮಿಷಕ್ಕೆ ಉಸಿರು ಹೋಗುತ್ತದೆ. ಹಾಗಾಗಿ ಮುಕ್ಕಾಲು ನಿಮಿಷಕ್ಕೊಮ್ಮೆ, ಆಟ ನಿಲ್ಲಿಸದೆ, ಹುಡುಗರು ಬದಲಾಗುತ್ತಾರೆ. ಒಬ್ಬ ಗೋಡೆ ಹಾರಿ ಒಳಗೆ ಬೀಳುತ್ತಾನೆ, ಇನ್ನೊಬ್ಬ ಗೋಡೆ ಹಾರಿ ಹೊರಗೆ. ಮುಂದಿನ ಮೂವರು ಯಾರು, ಹಿಂದಿನ ಇಬ್ಬರು ಯಾರು, ಎದುರಿನವರು ಯಾರನ್ನು ಇಳಿಸಿದ್ದಾರೆ, ಯಾರಿಗೆ ಸುಸ್ತಾಗಿದೆ, ಇದೆಲ್ಲ ಆ ಗದ್ದಲದಲ್ಲಿ ತಲೆಯೊಳಗೆ ನಡೆಯಬೇಕು. ನಮ್ಮೂರಿನ ಬಸ್‌ಸ್ಟ್ಯಾಂಡಲ್ಲಿ ಇಳಿಯೋರು ಹತ್ತೋರು ಒಂದೇ ಬಾಗಿಲಲ್ಲಿ ನುಗ್ಗುವಾಗ ಕಂಡಕ್ಟರ್ ಒಬ್ಬ ಶಾಂತವಾಗಿ ನಿಂತಿದ್ದರೆ ಹೇಗಿರುತ್ತದೋ ಹಾಗೆ ಅವರು ನಿಂತಿದ್ದರು.

ಅಜ್ಜ ಈ ಆಟವನ್ನು ಹಳೆಯ ಮೆಕ್‌ಹ್ಯೂ ಫೋರಮ್ ಕಾಲದಿಂದ ನೋಡಿದವನು. ಅದನ್ನು ಕೆಡವಿಯೇ 1988ರಲ್ಲಿ ಈ ಕಾಂಟೆ ಫೋರಮ್ ತೆರೆದಿದ್ದು. "ಜೆರ್ರಿ ಆ ಹಳೇ ರಿಂಕಲ್ಲಿ ಆಡಿದ ಹುಡುಗ" ಅಂದ. ಯಾರ್ಕ್ ಹುಟ್ಟಿ ಬೆಳೆದದ್ದು ಇಲ್ಲೇ ಪಕ್ಕದ ವಾಟರ್‌ಟೌನಲ್ಲಿ. ಬಾಸ್ಟನ್ ಕಾಲೇಜಿನಿಂದ 1967ರಲ್ಲಿ ಪದವಿ. ಆಗಿನ ಕೋಚ್ ಸ್ನೂಕ್ಸ್ ಕೆಲ್ಲಿ, ಕಾಲೇಜಿಗೆ 1949ರಲ್ಲಿ ಮೊದಲ ರಾಷ್ಟ್ರೀಯ ಪ್ರಶಸ್ತಿ ತಂದವರು. ಕಾಂಟೆ ಫೋರಮ್ ಒಳಗಿನ ಈಗಿನ ರಿಂಕಿಗೆ, ಅಂದರೆ ಐಸ್ ಅಂಕಣಕ್ಕೆ, ಅವರದೇ ಹೆಸರು.

ಆಮೇಲಿನ ಕಥೆ ಕುರ್ಚಿ ಆಟದ ಹಾಗಿದೆ. 1972ರಲ್ಲಿ ಕೆಲ್ಲಿ ನಿವೃತ್ತರಾದರು. ಅವರ ಜಾಗಕ್ಕೆ ನ್ಯೂಯಾರ್ಕ್ ರಾಜ್ಯದ ಕ್ಲಾರ್ಕ್‌ಸನ್ ಯೂನಿವರ್ಸಿಟಿಯಿಂದ ಲೆನ್ ಸೆಗ್ಲಾರ್ಸ್ಕಿ ಬಂದರು. ಕ್ಲಾರ್ಕ್‌ಸನ್‌ನಲ್ಲಿ ಖಾಲಿಯಾದ ಕುರ್ಚಿ ಯಾರ್ಕ್‌ಗೆ ಸಿಕ್ಕಿತು. ಆಗ ಅವರಿಗೆ ಬರೀ 26–27 ವರ್ಷ. 1979ರಲ್ಲಿ ಒಹಾಯೋದ ಬೌಲಿಂಗ್ ಗ್ರೀನ್ ಯೂನಿವರ್ಸಿಟಿಯ ಕೋಚ್ ರಾನ್ ಮೇಸನ್ ಮಿಷಿಗನ್ ಸ್ಟೇಟ್‌ಗೆ ಹೋದರು. ಆ ಕುರ್ಚಿಗೂ ಯಾರ್ಕ್. ಅಲ್ಲಿ 15 ವರ್ಷ. 1984ರಲ್ಲಿ ಅಲ್ಲಿಗೆ ರಾಷ್ಟ್ರೀಯ ಪ್ರಶಸ್ತಿ, ಅದೂ ಫೈನಲ್ಲಿನಲ್ಲಿ ನಾಲ್ಕನೇ ಓವರ್‌ಟೈಮ್‌ವರೆಗೆ ಎಳೆದು 5–4. ಕೊನೆಗೆ 1994ರಲ್ಲಿ ಸ್ವಂತ ಊರಿಗೆ, ಬಾಸ್ಟನ್ ಕಾಲೇಜಿಗೆ. ತಮಾಷೆ ಏನೆಂದರೆ, ಕಾಲೇಜು ಹಾಕಿಯಲ್ಲಿ ಅತಿ ಹೆಚ್ಚು, 924 ಗೆಲುವಿನ ದಾಖಲೆ ಇದ್ದದ್ದು ಅದೇ ರಾನ್ ಮೇಸನ್ ಹೆಸರಲ್ಲಿ. ಅದನ್ನು 2012ರ ಡಿಸೆಂಬರಲ್ಲಿ ಮುರಿದದ್ದು ಅವರ ಕುರ್ಚಿಯಲ್ಲಿ ಕೂತಿದ್ದ ಯಾರ್ಕ್.

"ಬಂದ ತಕ್ಷಣ ಗೆದ್ದುಬಿಟ್ಟರಾ?" ಅಂತ ಕೇಳಿದೆ.

ಅಜ್ಜ ನಕ್ಕ. ಮೊದಲ ಮೂರು ವರ್ಷ ಗೆದ್ದದ್ದಕ್ಕಿಂತ ಸೋತದ್ದೇ ಜಾಸ್ತಿಯಂತೆ. 1998ರಲ್ಲಿ ಫೈನಲ್ಲು, ಬಾಸ್ಟನ್ ನಗರದಲ್ಲೇ, ಮಿಷಿಗನ್ ಎದುರು ಓವರ್‌ಟೈಮಲ್ಲಿ ಸೋಲು. 2000ದಲ್ಲಿ ಮತ್ತೆ ಫೈನಲ್ಲು, ನಾರ್ತ್ ಡಕೋಟಾ ಎದುರು ಮತ್ತೆ ಸೋಲು. 2001ರಲ್ಲಿ ಅದೇ ನಾರ್ತ್ ಡಕೋಟಾ, ಅದೇ ಫೈನಲ್ಲು, ಮತ್ತೆ ಓವರ್‌ಟೈಮ್, ಈ ಸಲ 3–2. 52 ವರ್ಷದ ಮೇಲೆ ಪ್ರಶಸ್ತಿ. ಆಮೇಲೆ 2008, 2010, 2012. ಅಜ್ಜ ಇವನ್ನೆಲ್ಲ ಮೊಮ್ಮಕ್ಕಳು ಹುಟ್ಟಿದ ವರ್ಷದ ಹಾಗೆ ಹೇಳಿದ. ಆದರೆ ಅವನ ಮಾತು ಜಾಸ್ತಿ ಹೊತ್ತು ನಿಂತದ್ದು 1998ರಲ್ಲೇ. ಗೆದ್ದ ಆಟಕ್ಕಿಂತ ಸೋತ ಆಟವೇ ಮನುಷ್ಯನಿಗೆ ಚೆನ್ನಾಗಿ ನೆನಪಿರೋದು ಯಾಕೋ.

ಅಷ್ಟರಲ್ಲಿ 13ನೇ ನಂಬರು ನಮ್ಮ ಮುಂದೆಯೇ ಹಾದುಹೋದ. ಎಷ್ಟು ಸಣ್ಣ ಹುಡುಗ! ಪಕ್ಕದಲ್ಲಿದ್ದ ಡಿಫೆಂಡರ್ ಅವನಿಗಿಂತ ಒಂದು ತಲೆ ಎತ್ತರ. ಆ ಡಿಫೆಂಡರ್ ಮೈಮೇಲೆ ಬೀಳೋಕೆ ಬಂದ, ಜಾನಿ ಅಲ್ಲಿರಲೇ ಇಲ್ಲ. ಪಕ್ ಮಾತ್ರ ಅವನ ಸ್ಟಿಕ್ಕಿಗೆ ಅಂಟಿಕೊಂಡು ಜೊತೆಗೇ ಹೋಯಿತು. ನನಗೆ ಸೊಂಟದ ನೋವು ಮರೆತುಹೋಯಿತು.

"ಜೆರ್ರಿಗೆ ಕುಳ್ಳರು ಅಂದರೆ ಇಷ್ಟ" ಅಂದ ಅಜ್ಜ. ಒಬ್ಬೊಬ್ಬರನ್ನೇ ಎಣಿಸಿದ. 2001ರ ಕ್ಯಾಪ್ಟನ್ ಬ್ರಯನ್ ಜಿಯೋಂಟಾ, ಐದಡಿ ಏಳಿಂಚು. 2008ರ ಫೈನಲ್ ಗೆಲ್ಲಿಸಿದ ನೇಥನ್ ಗರ್ಬಿ, ಐದಡಿ ಐದಿಂಚು. ಮೈಗೆ ಮೈ ಗುದ್ದಿ ಆಡೋ ಈ ಆಟದಲ್ಲಿ ಇಂಥವರನ್ನು ಬೇರೆಯವರು ನೋಡಿ, ಚೆನ್ನಾಗಿ ಆಡ್ತಾನೆ ಆದರೆ ಸಣ್ಣ ಆಯ್ತು ಅಂತ ಬಿಟ್ಟುಬಿಡುತ್ತಿದ್ದರಂತೆ. ನಾನು ಐದಡಿ ಐದಿಂಚು ಅನ್ನೋದನ್ನೇ ಎರಡು ಸಲ ಕೇಳಿ ಖಚಿತ ಮಾಡಿಕೊಂಡೆ. ನಮ್ಮ ಪಿಟಿ ಮೇಷ್ಟ್ರಿಗೆ ಆ ನಿಮಿಷ ಒಂದು ಫೋನ್ ಮಾಡಬೇಕು ಅನ್ನಿಸಿತ್ತು, ಸುಳ್ಳು ಯಾಕೆ ಹೇಳಲಿ.

ಎರಡನೇ ವಿರಾಮದಲ್ಲಿ ಜಾಂಬೋನಿ ಬಂತು. ಐಸಿನ ಮೇಲ್ಪದರ ಹೆರೆದು ಬಿಸಿನೀರು ಸವರಿಕೊಂಡು ಹೋಗೋ ಗಾಡಿ ಅದು. ಸೆಗಣಿ ಸಾರಿಸಿದ ಅಂಗಳದ ಹಾಗೆ ಹಿಂದೆ ಒದ್ದೆ ಪಟ್ಟೆ ಬಿಡುತ್ತಾ ಹೋಗುತ್ತದೆ. ಅದನ್ನು ನೋಡುತ್ತಾ ಅಜ್ಜ ಹೇಳಿದ್ದು ನನಗೆ ಈಗಲೂ ತಲೆಯಲ್ಲಿದೆ. "ಈ ಹುಡುಗ ಏಪ್ರಿಲ್‌ಗೆ ಹೋಗಿಬಿಡ್ತಾನೆ ನೋಡು." ಕಳೆದ ವರ್ಷವೇ ಹೋಗಬಹುದಿತ್ತು, ತಮ್ಮ ಮ್ಯಾಥ್ಯೂ ಇದೇ ಕಾಲೇಜಿಗೆ ಸೇರಿದ, ಅವನ ಜೊತೆ ಒಂದು ವರ್ಷ ಆಡಬೇಕು ಅಂತ ಉಳಿದ ಅಂದ. ಕಾಲೇಜು ಕೋಚಿನ ಕಷ್ಟ ಅದೇ. ಎನ್‌ಎಚ್‌ಎಲ್, ಅಂದರೆ ಅಮೆರಿಕ ಮತ್ತು ಕೆನಡಾದ ವೃತ್ತಿಪರ ಹಾಕಿ ಲೀಗಿನ ಟೀಮ್ ಆದರೆ ಒಳ್ಳೆ ಆಟಗಾರನಿಗೆ ಹಲವು ವರ್ಷದ ಕಾಂಟ್ರಾಕ್ಟ್ ಬರೆಸಿ ಇಟ್ಟುಕೊಳ್ಳಬಹುದು. ಇಲ್ಲಿ 18ಕ್ಕೆ ಬಂದವನು 22ಕ್ಕೆ ಹೋಗಲೇಬೇಕು, ಚೆನ್ನಾಗಿ ಆಡಿದರೆ ಇನ್ನೂ ಬೇಗ ಹೋಗುತ್ತಾನೆ. ನೀನು ಎಷ್ಟು ಚೆನ್ನಾಗಿ ಕಲಿಸುತ್ತೀಯೋ ಅಷ್ಟು ಬೇಗ ಹುಡುಗ ಕೈಬಿಟ್ಟು ಹೋಗುತ್ತಾನೆ. ಸೆಪ್ಟೆಂಬರಲ್ಲಿ ಮತ್ತೆ ಹೊಸ ಮುಖ, ಮತ್ತೆ ಮೊದಲಿಂದ. ಬೆಂಚಿನ ಗೋಡೆ ಹಾರಿ ಹುಡುಗರು ಬದಲಾಗೋದನ್ನು ನೋಡುವಾಗ ನನಗೆ ಆಮೇಲೆಲ್ಲ ಅದೇ ಕಾಣುತ್ತಿತ್ತು.

ಆ ಆಟ ನಾವೇ ಗೆದ್ದೆವು. ಆ ಚಳಿಗಾಲ ನಮ್ಮವರು ಸೋಲೋದನ್ನೇ ಮರೆತಿದ್ದರು. ಆಟ ಮುಗಿದು ಜನ ಹೊರಟ ಮೇಲೆ ಕೆಲಸದವರು ಐಸ್ ಮೇಲೆ ಹಲಗೆ ಹಾಸೋಕೆ ಶುರುಮಾಡಿದರು, ಮರುದಿನ ಅಲ್ಲೇ ಬಾಸ್ಕೆಟ್‌ಬಾಲ್. ಐಸ್ ಕರಗಿಸೋದಿಲ್ಲ, ಮೇಲೆ ಹೊದಿಕೆ, ಅದರ ಮೇಲೆ ಮರದ ನೆಲ. ನಾನು ಸೊಂಟಕ್ಕೆ ಕೈಕೊಟ್ಟು ನೋಡುತ್ತಾ ನಿಂತಿದ್ದೆ. ಕೊನೆಯ ಟ್ರಾಮ್ ಇನ್ನೂ ದೂರ ಇತ್ತು. ಬೆಂಚಿನ ಬಾಗಿಲ ಸಂದಿಯಲ್ಲಿ ಒಂದು ಪಕ್ ಸಿಕ್ಕಿಕೊಂಡಿತ್ತು. ಅಜ್ಜ ಅದನ್ನು ಕಾಲಲ್ಲಿ ಒದ್ದು ತೆಗೆದು, ಒರೆಸಿ, ಕಮ್ಮಿ ಬಂದದ್ದು ಇದೇ, ಈಗಾಗಲೇ ಲೆಕ್ಕ ಬರೆದಾಗಿದೆ, ಇಟ್ಕೋ ಅಂದ.

ಏಪ್ರಿಲಲ್ಲಿ ಸೆಮಿಫೈನಲ್ ಸೋತ ಮೇಲೆ ಜಾನಿ ಹೋದ, ಅಜ್ಜ ಹೇಳಿದ ಹಾಗೇ. ಆ ವರ್ಷದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡೋ ಹೋಬಿ ಬೇಕರ್ ಪ್ರಶಸ್ತಿ ತಗೊಂಡು, ಕೆನಡಾದ ಕ್ಯಾಲ್ಗರಿ ಟೀಮಿಗೆ ಹೋಗಿ, ಎನ್‌ಎಚ್‌ಎಲ್‌ನ ಮೊದಲ ಆಟದಲ್ಲೇ ಹೊಡೆದ ಮೊದಲ ಶಾಟಿಗೇ ಗೋಲು. ಮುಂದಿನ ವರ್ಷ ನಾನೂ ಓದು ಮುಗಿಸಿ ಬೆಂಗಳೂರಿಗೆ ಬಂದೆ. ಯಾರ್ಕ್ 2019ರಲ್ಲಿ ಹಾಕಿ ಹಾಲ್ ಆಫ್ ಫೇಮ್ ಸೇರಿದರು, 2022ರ ಏಪ್ರಿಲಲ್ಲಿ ನಿವೃತ್ತರಾದರು. 50 ಸೀಸನ್, 1,123 ಗೆಲುವು. ಆಫೀಸಿನಲ್ಲಿ ಯಾರಿಗೂ ಹೇಳೋಕಾಗಲಿಲ್ಲ, ಹೇಳಿದರೆ ಯಾವ ಹಾಕಿ ಅಂತ ಕೇಳುತ್ತಿದ್ದರು.

2024ರ ಆಗಸ್ಟ್ ಕೊನೆಯಲ್ಲಿ ಒಂದು ಸಂಜೆ ಫೋನಲ್ಲಿ ಸುದ್ದಿ ನೋಡಿದೆ. ಜಾನಿ ಮತ್ತು ಮ್ಯಾಥ್ಯೂ ಇಬ್ಬರೂ ನ್ಯೂಜೆರ್ಸಿಯಲ್ಲಿ ಸೈಕಲ್ ಮೇಲೆ ಹೋಗುವಾಗ ಕಾರು ಗುದ್ದಿ ತೀರಿಕೊಂಡರು. ಮರುದಿನ ಅವರ ತಂಗಿಯ ಮದುವೆ ಇತ್ತು. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಬಸ್ಸು ನಿಂತೇ ಇತ್ತು. ಅಣ್ಣತಮ್ಮ ಕಾಲೇಜಲ್ಲಿ ಒಂದೇ ಬಣ್ಣದ ಜೆರ್ಸಿಯಲ್ಲಿ ಇದ್ದ ಆ ಒಂದೇ ಒಂದು ವರ್ಷವನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದೆ ಅನ್ನೋದು ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ.

ಆ ಪಕ್ ಈಗ ಸೋಮವಾರಪೇಟೆಯಲ್ಲಿದೆ. ಮೆಣಸು ಒಣಹಾಕುವ ದಿನಗಳಲ್ಲಿ ಗಾಳಿಗೆ ಟಾರ್ಪಾಲು ಮಗುಚದ ಹಾಗೆ ಅಮ್ಮ ಮೂರು ಮೂಲೆಗೆ ಕಲ್ಲಿಡುತ್ತಾರೆ. ನಾಲ್ಕನೇ ಮೂಲೆಗೆ ಇದು.