ಬಾಲ್ಕನಿಯ ಮೆಣಸು
ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಮನೆಯ ಬಾಲ್ಕನಿಗೆ ಬಿಸಿಲು ಬೀಳುವುದು ದಿನಕ್ಕೆ ನಾಲ್ಕು ತಾಸು ಮಾತ್ರ. ಆದರೂ ಎರಡು ಒಡಕು ಬಕೆಟ್‌ಗಳಲ್ಲಿ ನೆಟ್ಟ ಮೆಣಸಿನ ಗಿಡಗಳು ಈ ಬೇಸಿಗೆಯಲ್ಲಿ ಸುಮಾರು ಅರ್ಧ ಕಿಲೋ ಕಾಯಿ ಕೊಟ್ಟವು. ಊರಿನಿಂದ ತಂದ ತುಂಡು ದಂಟಿನಿಂದ ಚಿಗುರಿದ ಬಸಳೆಯಂತೂ ಕಿಟಕಿಯ ಗ್ರಿಲ್ಲನ್ನೇ ಚಪ್ಪರವೆಂದು ತಿಳಿದು ಮೇಲಿನ ಮನೆಯವರ ಕಡೆಗೆ ಹೊರಟಿದೆ.

ಅಷ್ಟು ಮೆಣಸನ್ನು ಒಮ್ಮೆಗೇ ತಿಂದು ಮುಗಿಸಲಾಗದು. ಆದ್ದರಿಂದ ಅತ್ತೆಯವರು ಫೋನಿನಲ್ಲಿ ಹೇಳಿಕೊಟ್ಟಂತೆ ಕಾಯಿಗಳನ್ನು ಸೀಳಿ, ಉಪ್ಪು ಬೆರೆಸಿದ ಹುಳಿ ಮಜ್ಜಿಗೆಯಲ್ಲಿ ರಾತ್ರಿ ನೆನೆಸಿ, ಹಗಲು ಒಣಗಿಸಿ, ಸಂಜೆ ಮತ್ತೆ ಅದೇ ಮಜ್ಜಿಗೆಗೆ ಹಾಕುತ್ತ, ಮಜ್ಜಿಗೆ ಪೂರ್ತಿ ಹೀರಿಹೋಗುವವರೆಗೆ ನಾಲ್ಕೈದು ದಿನ ಇದನ್ನೇ ಮಾಡಿದೆ. ಉಪ್ಪು ಕಾಯಿಯೊಳಗಿನ ನೀರನ್ನು ಹೊರಗೆಳೆಯುತ್ತದೆ, ಮಜ್ಜಿಗೆಯ ಹುಳಿ ಕೊಳೆಸುವ ಸೂಕ್ಷ್ಮಜೀವಿಗಳನ್ನು ತಡೆಯುತ್ತದೆ, ಉಳಿದ ತೇವವನ್ನು ಬಿಸಿಲು ತೆಗೆಯುತ್ತದೆ. ಮುಂಬಯಿಗೆ ಮುಂಗಾರು ಮುಟ್ಟುವ ವಾಡಿಕೆಯ ದಿನ ಜೂನ್ 11. ಅಷ್ಟರೊಳಗೆ ಕಾಯಿ ಮುರಿದರೆ ಲಟಕ್ಕೆನ್ನುವಂತೆ ಒಣಗದಿದ್ದರೆ ಇಲ್ಲಿನ ಹವೆಗೆ ಬೂಸ್ಟು ಹಿಡಿಯುವುದು ಖಚಿತ. ಕಳೆದ ವರ್ಷ ಅವಸರಪಟ್ಟು ಒಂದು ಡಬ್ಬಿ ಪೂರ್ತಿ ಎಸೆದಿದ್ದೇನೆ.

ಸ್ವಂತ ಬೆಳೆದದ್ದೆಂದ ಮಾತ್ರಕ್ಕೆ ಎಲ್ಲವೂ ಔಷಧವಲ್ಲ. ವಯಸ್ಕರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ರಕ್ತದೊತ್ತಡವಿರುವ ನಮ್ಮ ಯಜಮಾನರಿಗೆ ಗಂಜಿಯ ಜೊತೆ ಒಂದೇ ಮೆಣಸು. ಆರೋಗ್ಯದ ಲಾಭವೇನಿದ್ದರೂ ಬಸಳೆಯಿಂದ, ಮತ್ತು ಬೆಳಗ್ಗೆ ನೀರು ಹಾಕುವ ಹತ್ತು ನಿಮಿಷ ಮೊಬೈಲ್ ಕೈಯಲ್ಲಿಲ್ಲದಿರುವುದರಿಂದ. ಎರಡನೆಯ ಮೆಣಸನ್ನು ಅವರು ಕದ್ದು ಕರಿದುಕೊಳ್ಳುತ್ತಾರೆಂಬುದು ಮಾತ್ರ ಒಲೆಯ ಮೇಲಿನ ಬಾಣಲೆ ನೋಡಿದರೆ ತಿಳಿಯುತ್ತದೆ.