ಬೆರಳಲ್ಲಿ ಅಳೆದ ಹೊಲ

ಇಂಡೊನೇಷ್ಯಾದ ಫ್ಲೋರೆಸ್ ದ್ವೀಪದ ಪಶ್ಚಿಮ ಭಾಗಕ್ಕೆ ಮಂಗರಾಯ್ ಸೀಮೆ ಅಂತ ಹೆಸರು. ಅಲ್ಲಿನ ಹಳೇ ಕಟ್ಟಳೆಯಲ್ಲಿ ಹೊಲದ ಪಾಲನ್ನು ಕೈಬೆರಳಿಂದ ಅಳೆಯುತ್ತಿದ್ದರು. ಇದನ್ನು ನನಗೆ ಹೇಳಿಕೊಟ್ಟದ್ದು ವಾಯೆ ರೆಬೊ ಅನ್ನುವ ಬೆಟ್ಟದ ಹಳ್ಳಿಯ ಒಬ್ಬ ಅಜ್ಜ. ಚಾಪೆ ಮೇಲೆ ಕಾಫಿ ಬೀಜ ಜೋಡಿಸಿ ತೋರಿಸಿದರು. ಈ ಪ್ರವಾಸದಲ್ಲಿ ನೋಡಿದ್ದು ಬಹಳ ಇದೆ. ಆದರೆ ಬರೆಯಬೇಕು ಅನ್ನಿಸಿದ್ದು ಆ ಚಾಪೆಯ ಬಗ್ಗೆ, ಮತ್ತೆ ಆ ಸಂಜೆ ಮನೆಯ ಕೆಳಗೆ ಕೂತು ನೇಯುತ್ತಿದ್ದ ಹೆಂಗಸಿನ ಜೊತೆ ಆಡಿದ ಮಾತಿನ ಬಗ್ಗೆ.

ಬೆಂಗಳೂರಿನಿಂದ ಬಾಲಿಗೆ ಈಗ ನೇರ ವಿಮಾನ ಇದೆ. ಅಲ್ಲಿಂದ ಲಾಬುವಾನ್ ಬಾಜೊ ಅನ್ನುವ ಬಂದರು ಊರಿಗೆ ಇನ್ನೊಂದು ಚಿಕ್ಕ ಹಾರಾಟ. ಅಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಬರುವುದು ಕೊಮೊಡೊ ಉಡಗಳನ್ನು ನೋಡಲು. ನಾವೂ ದೋಣಿ ಹತ್ತಿದೆವು, ನೋಡಿದೆವು, ಸಮುದ್ರ ಚೆನ್ನಾಗಿತ್ತು. ಅದರ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ.

ಲಾಬುವಾನ್ ಬಾಜೊ ಊರು ಮಾತ್ರ ನನಗೆ ಹಿಡಿಸಲಿಲ್ಲ. ಗುಡ್ಡ ಕೊರೆದು ಹೋಟೆಲ್ ಎಬ್ಬಿಸುತ್ತಿದ್ದಾರೆ. ರಸ್ತೆ ಬದಿಯಲ್ಲಿ 'ತಾನಾ ದಿಜುವಾಲ್' ಅನ್ನುವ ಬೋರ್ಡುಗಳು. ಜಮೀನು ಮಾರಾಟಕ್ಕಿದೆ ಅಂತ. ನಾವು ಉಳಿದಿದ್ದ ಕಡೆ ಒಬ್ಬ ದಲ್ಲಾಳಿ ನಮ್ಮವರ ಪಕ್ಕ ಬಂದು ಕೂತ. ಸಮುದ್ರ ಕಾಣುವ ಜಾಗ ಇದೆ, ಸ್ಥಳೀಯರ ಹೆಸರಲ್ಲಿ ಬರೆಸಿ ನೀವೇ ಇಟ್ಟುಕೊಳ್ಳಬಹುದು ಅಂದ. ಇದನ್ನು ನಂಬಬೇಡಿ. ಇಂಡೊನೇಷ್ಯಾದ 1960ರ ಭೂ ಕಾನೂನಿನ ಪ್ರಕಾರ ಜಮೀನಿನ ಪೂರ್ಣ ಒಡೆತನ ಆ ದೇಶದ ಪ್ರಜೆಗಳಿಗೆ ಮಾತ್ರ. ಅದಕ್ಕೆ 'ಹಾಕ್ ಮಿಲಿಕ್' ಅನ್ನುತ್ತಾರೆ. ಹೊರದೇಶದವರಿಗೆ ಸಿಗುವುದು ಒಂದು ಅವಧಿಗೆ ಬಳಸುವ ಹಕ್ಕು, ಅಷ್ಟೇ. ಬೇರೆಯವರ ಹೆಸರಲ್ಲಿ ಮರೆಯಾಗಿ ಕೊಂಡರೆ ಆ ವ್ಯವಹಾರ ನಿಲ್ಲುವುದಿಲ್ಲ, ದುಡ್ಡೂ ವಾಪಸ್ ಬರುವುದಿಲ್ಲ. ಆ ಮನುಷ್ಯ ಇಷ್ಟು ಗೊತ್ತಿದ್ದೂ ನಗುನಗುತ್ತಾ ಮಾತಾಡಿದ್ದು ನೆನೆದರೆ ಈಗಲೂ ಸಿಟ್ಟು ಬರುತ್ತದೆ.

ಸಿಟ್ಟು ಅಲ್ಲಿಗೇ ಮುಗಿಯಲಿಲ್ಲ. ವಾಯೆ ರೆಬೊಗೆ ನಡೆಯುವ ದಾರಿ ಶುರುವಾಗುವುದು ಡೆಂಗೆ ಅನ್ನುವ ಹಳ್ಳಿಯಿಂದ. ಅಲ್ಲಿಯವರೆಗೆ ಅಂತಲೇ ಕಾರು ಗೊತ್ತುಮಾಡಿ ಪೂರ್ತಿ ದುಡ್ಡು ಕೊಟ್ಟಿದ್ದೆವು. ಲೆಂಬೊರ್ ಗದ್ದೆ ಬಯಲು ದಾಟಿ, ದಕ್ಷಿಣದ ಕಡಲ ದಂಡೆಗೆ ಇಳಿದು, ದಿಂತೊರ್ ಬಂದ ಕೂಡಲೇ ಡ್ರೈವರ್ ಗಾಡಿ ನಿಲ್ಲಿಸಿದ. ಮುಂದೆ ರಸ್ತೆ ಸರಿಯಿಲ್ಲ, ಇನ್ನಷ್ಟು ದುಡ್ಡು ಕೊಟ್ಟರೆ ಹೋಗೋಣ ಅಂದ. ಅದೇ ಹೊತ್ತಿಗೆ ನಮ್ಮ ಪಕ್ಕದಲ್ಲೇ ಜನ ತುಂಬಿದ ಒಂದು ಲಾರಿ ಆರಾಮವಾಗಿ ಹತ್ತಿಹೋಯಿತು! ಮಾಲೀಕರಿಗೆ ಫೋನ್ ಮಾಡೋಣ ಅಂದರೆ ಸಿಗ್ನಲ್ ಇಲ್ಲ. ಮಳೆ ಬೇರೆ ಹತ್ತಿರ ಬರುತ್ತಿತ್ತು. ಕೊನೆಗೆ ಚೀಲ ಇಳಿಸಿಕೊಂಡು, ಎರಡು ಬೈಕಿನವರನ್ನು ಹಿಡಿದು ಡೆಂಗೆ ಸೇರಿದೆವು. ಹಾಗಾಗಿ ಹೇಳುತ್ತೇನೆ: ಡೆಂಗೆಯವರೆಗೆ ಅಂತ ಚೀಟಿಯಲ್ಲಿ ಬರೆಸಿಕೊಳ್ಳಿ. ಅರ್ಧ ದುಡ್ಡು ತಲುಪಿದ ಮೇಲೆ ಕೊಡಿ. ಕೈಯಲ್ಲಿ ಸಾಕಷ್ಟು ನಗದು ಇರಲಿ, ಬೆಟ್ಟದ ಮೇಲೆ ಎಟಿಎಂ ಹುಡುಕುವ ಮಾತೇ ಇಲ್ಲ.

ಡೆಂಗೆಯಿಂದ ಮೇಲಕ್ಕೆ ಕಾಡು ದಾರಿ. ಮಳೆಯಲ್ಲಿ ಜಿಗಣೆ ಇದ್ದವು, ಮಲೆನಾಡಿನಲ್ಲಿ ಬೆಳೆದ ನನಗೆ ಅದೇನೂ ಹೊಸದಲ್ಲ. ಕಡೆಯ ತಿರುವಿನಲ್ಲಿ ಒಂದು ಚಾವಡಿ ಇದೆ. ಅಲ್ಲಿ ನೇತುಹಾಕಿರುವ ಬಿದಿರಿನ ಗಂಟೆ ಬಾರಿಸಿದರೆ ಕೆಳಗಿನ ಹಳ್ಳಿಗೆ ನೆಂಟರು ಬಂದರು ಅಂತ ಗೊತ್ತಾಗುತ್ತದೆ. ನಮ್ಮ ಜೊತೆಗಿದ್ದ ಡೆಂಗೆಯ ಹುಡುಗ ಬಾರಿಸಿದ. ಮೋಡ ಸರಿದಾಗ ಕೆಳಗೆ ಏಳು ಮನೆ ಕಂಡವು. ಮೇಲಿಂದ ನೆಲದವರೆಗೂ ಬರೀ ಮಾಡೇ. ಗೋಡೆ ಅನ್ನುವುದು ಕಾಣುವುದೇ ಇಲ್ಲ.

ಹಳ್ಳಿಗೆ ಕಾಲಿಟ್ಟ ಕೂಡಲೇ ಕ್ಯಾಮೆರಾ ತೆಗೆಯುವ ಹಾಗಿಲ್ಲ. ಮೊದಲು ಊರಿನ ಡೋಲು ತೂಗುಹಾಕಿರುವ ದೊಡ್ಡ ಮನೆಗೆ ಹೋಗಬೇಕು. ಅಲ್ಲಿ ಹಿರಿಯರೊಬ್ಬರು ನಿಮ್ಮನ್ನು ಕೂರಿಸಿ, ತಮ್ಮ ಪೂರ್ವಿಕರಿಗೆ ನಿಮ್ಮ ವಿಷಯ ಹೇಳಿ, ಕಾಪಾಡಿ ಅಂತ ಬೇಡಿಕೊಳ್ಳುತ್ತಾರೆ. ನೀವು ಚಿಕ್ಕ ಕಾಣಿಕೆ ಕೊಡುತ್ತೀರಿ. ಈ ಊರಿನವರೆಲ್ಲ ಕ್ಯಾಥೊಲಿಕರು, ಆದರೂ ಪೂರ್ವಿಕರನ್ನು ಬಿಟ್ಟಿಲ್ಲ. ಇದು ನನಗೆ ಬಹಳ ಹಿಡಿಸಿತು. ನೆಂಟರನ್ನು ಮನೆಯ ಹಿರಿಯರಿಗೆ ತಿಳಿಸಿ ಒಳಗೆ ಕರೆದುಕೊಳ್ಳುವುದು ಎಷ್ಟು ಚೆಂದ ಅಲ್ವಾ?

ಈ ಮನೆಗಳಿಗೆ 'ಮ್ಬಾರು ನಿಯಾಂಗ್' ಅನ್ನುತ್ತಾರೆ. ಸುಮಾರು 15 ಮೀಟರ್ ಎತ್ತರ, ಒಳಗೆ ಐದು ಅಂತಸ್ತು. ಮೊಳೆ ಹೊಡೆದಿಲ್ಲ, ಎಲ್ಲ ಬೆತ್ತದ ಕಟ್ಟು. ಕೆಳಗಿನ ಅಂತಸ್ತಿನಲ್ಲಿ ಜನ ಇರುತ್ತಾರೆ. ಅದರ ಮೇಲೆ ದಿನಬಳಕೆಯ ಸಾಮಾನು, ಅದರ ಮೇಲೆ ಬಿತ್ತನೆ ಬೀಜ, ಅದರ ಮೇಲೆ ಬರಗಾಲಕ್ಕೆ ಅಂತ ಎತ್ತಿಟ್ಟ ಧಾನ್ಯ. ತುತ್ತತುದಿಯಲ್ಲಿ ಪೂರ್ವಿಕರಿಗೆ ಎಡೆ. ಬಿತ್ತನೆ ಬೀಜವನ್ನು ಊಟದ ಅಕ್ಕಿಯಿಂದ ಒಂದು ಅಂತಸ್ತು ಮೇಲಿಟ್ಟು, ಕಷ್ಟಕಾಲದ ಕಾಳನ್ನು ಇನ್ನೂ ಕೈಗೆ ಸಿಗದ ಹಾಗೆ ಇಟ್ಟಿದ್ದಾರೆ. ಹಸಿವು ಕಂಡವರ ಲೆಕ್ಕಾಚಾರ ಇದು. 2008ರ ಹೊತ್ತಿಗೆ ಏಳರಲ್ಲಿ ನಾಲ್ಕು ಮನೆ ಮಾತ್ರ ಉಳಿದಿದ್ದವಂತೆ. ಯೋರಿ ಅಂತಾರ್ ಅನ್ನುವ ಜಕಾರ್ತಾದ ವಾಸ್ತುಶಿಲ್ಪಿ ಆ ವರ್ಷ ಇಲ್ಲಿಗೆ ಬಂದರು. ಹೊಸ ನಕ್ಷೆ ತರಲಿಲ್ಲ. ಊರಿನವರ ಕೈಯಲ್ಲೇ, ಊರಿನವರ ವಿದ್ಯೆಯಲ್ಲೇ ಇಲ್ಲವಾಗಿದ್ದ ಮನೆಗಳನ್ನು ಮತ್ತೆ ಕಟ್ಟಿಸಲು ನೆರವಾದರು. 2012ರಲ್ಲಿ ಈ ಕೆಲಸಕ್ಕೆ ಯುನೆಸ್ಕೊದ ಏಷ್ಯಾ-ಪೆಸಿಫಿಕ್ ಪರಂಪರೆ ಪ್ರಶಸ್ತಿ ಬಂತು.

ಅಂಗಳದಲ್ಲಿ ಕಾಫಿ ಒಣಹಾಕಿದ್ದರು. ಮಳೆ ಹನಿ ಬಿದ್ದ ತಕ್ಷಣ ಮನೆಮನೆಯಿಂದ ಜನ ಓಡಿಬಂದು ಚಾಪೆ ಮಡಚಿದರು. ನಾನು ಚಿಕ್ಕಮಗಳೂರು ಕಡೆಯವಳು. ಕಣದ ಕಾಫಿ ನೆನೆಯುವುದನ್ನು ನೋಡುತ್ತಾ ಸುಮ್ನೆ ನಿಲ್ಲಲು ನನ್ನಿಂದ ಆಗುವುದಿಲ್ಲ. ನಾನೂ ಒಂದು ತುದಿ ಹಿಡಿದೆ. ಆ ಚಾಪೆಯ ಜೊತೆಗೇ ಅಜ್ಜನ ಮನೆಯೊಳಕ್ಕೆ ಹೋದೆ. ಕಾಫಿ ಬಂತು. ಹಾಲಿಲ್ಲ, ಗಸಿ ಹಾಗೇ ತಳದಲ್ಲಿ. ಲಾಬುವಾನ್ ಬಾಜೊದ ಕೆಫೆಗಳಲ್ಲಿ ದುಬಾರಿ ದುಡ್ಡಿಗೆ ಕೊಟ್ಟ ಸಪ್ಪೆ ನೀರಿಗೂ ಇದಕ್ಕೂ ಹೋಲಿಕೆಯೇ ಇಲ್ಲ.

ನಮ್ಮ ಕಡೆಯೂ ಕಾಫಿ ಬೆಳೆಯುತ್ತೇವೆ ಅಂದಾಗ ಅಜ್ಜ ಕೇಳಿದ ಮೊದಲ ಪ್ರಶ್ನೆ ಬೆಲೆಯದ್ದಲ್ಲ. "ನಿಮ್ಮಲ್ಲಿ ಜಮೀನು ಯಾರು ಹಂಚುತ್ತಾರೆ?" ಅಂದರು. ಹುಡುಗ ನಡುವೆ ಕೂತು ಅವರ ಮಾತು ನಮಗೆ, ನಮ್ಮ ಮಾತು ಅವರಿಗೆ ದಾಟಿಸುತ್ತಿದ್ದ. ಸರ್ವೆ ಇಲಾಖೆ, ತಹಶೀಲ್ದಾರರು, ಕೋರ್ಟು ಅಂತ ಹೇಳಿದೆ. ಅಜ್ಜ ತಲೆಯಾಡಿಸಿ ಒಂದು ಕಾಫಿ ಬೀಜ ತೆಗೆದು ಚಾಪೆಯ ನಡುವೆ ಇಟ್ಟರು.

ಇದು 'ಲೋದೊಕ್' ಅಂದರು. ಹೊಲದ ನಡುಬಿಂದು. ಊರಿನ ಜಮೀನಿನ ಯಜಮಾನನಿಗೆ 'ತುಆ ತೆನೊ' ಅನ್ನುತ್ತಾರೆ. ಅವರು ಈ ನಡುಬಿಂದುವಿನಲ್ಲಿ ಪೂಜೆ ಮಾಡಿ ಕಂಬ ನೆಡುತ್ತಾರೆ. ಆಮೇಲೆ ಅಜ್ಜ ತಮ್ಮ ಬೆರಳುಗಳನ್ನು ಆ ಬೀಜದ ಸುತ್ತ ಒತ್ತೊತ್ತಾಗಿ ಊರಿದರು. ಒರಟು ಬೆರಳು, ಉಗುರಿನ ಸಂದಿಯಲ್ಲಿ ಕಪ್ಪು ಮಣ್ಣು. ಈ ಮನೆತನಕ್ಕೆ ಇಷ್ಟು ಬೆರಳು, ಆ ಮನೆತನಕ್ಕೆ ಅಷ್ಟು ಬೆರಳು. ಒಬ್ಬೊಬ್ಬರ ಪಾಲಿಗೆ 'ಮೋಸೊ' ಅಂತ ಹೆಸರು. ಪ್ರತಿ ಬೆರಳಿನ ಅಂಚಿನಿಂದ ಹೊರಕ್ಕೆ ನೇರ ಗೆರೆಯಾಗಿ ಬೀಜ ಜೋಡಿಸುತ್ತಾ ಹೋದರು. ನಡುವೆ ಬೆರಳಗಲ ಇದ್ದದ್ದು ಚಾಪೆಯ ಅಂಚಿಗೆ ಬರುವಾಗ ಗೇಣಗಲ ಆಗಿತ್ತು. ನಿಜವಾದ ಹೊಲದಲ್ಲಿ ಅದು ಒಂದು ಸಂಸಾರ ಉಣ್ಣುವಷ್ಟು ಅಗಲ ಆಗುತ್ತದೆ. ಹೊರಗಿನ ಎಲ್ಲೆಗೆ 'ಚಿಚಿಂಗ್' ಅನ್ನುತ್ತಾರೆ.

ಎಲ್ಲರ ಪಾಲೂ ಒಂದೇ ಸಮ ಅಲ್ಲ. ಊರು ಕಟ್ಟಿದ ಮನೆತನಕ್ಕೆ ಜಾಸ್ತಿ ಬೆರಳು, ಆಮೇಲೆ ಬಂದವರಿಗೆ ಕಮ್ಮಿ. ಆದರೆ ಎಲ್ಲರ ಪಾಲೂ ನಡುವಿನ ಕಂಬವನ್ನು ಮುಟ್ಟುತ್ತದೆ. ಅಜ್ಜ ಅದನ್ನೇ ಒತ್ತಿ ಹೇಳಿದರು. ಗುಡ್ಡದ ಮೇಲಿನ ತುಂಡು ಒಬ್ಬನಿಗೆ, ತಗ್ಗಿನ ಒಳ್ಳೇ ಮಣ್ಣು ಇನ್ನೊಬ್ಬನಿಗೆ ಅನ್ನುವ ಮಾತು ಬರುವುದಿಲ್ಲ. ಬೇಲಿ ಸರಿಸಿದರೆ ಗೆರೆ ಸೊಟ್ಟಗಾಗಿ ದೂರದಿಂದಲೇ ಕಾಣುತ್ತದೆ. ಆಮೇಲೆ ಅವರು ಮೇಲೆ ನೋಡಿ ಅಂದರು. ತಲೆಯೆತ್ತಿದರೆ ಮಾಡಿನ ತೊಲೆಗಳು ನಡುಗಂಬದ ತುದಿಯಿಂದ ಸುತ್ತಲೂ ಅದೇ ರೀತಿ ಇಳಿದಿದ್ದವು! ಮನೆಯೂ ಅದೇ, ಹೊಲವೂ ಅದೇ. ಡೋಲು ತೂಗುವ ಮನೆ ಒಳಗೆ, ಹೊಲ ಹೊರಗೆ ಅನ್ನುವ ಗಾದೆ ಮಂಗರಾಯ್ ಜನರಲ್ಲಿ ಇದೆ. ದೊಡ್ಡ ಮನೆ ಇಲ್ಲದ ಊರಿಗೆ ಹೊಲ ಇಲ್ಲ, ಹೊಲ ಇಲ್ಲದ ಊರಿಗೆ ದೊಡ್ಡ ಮನೆ ಇಲ್ಲ.

"ಮಾರಬಹುದಾ?" ಅಂದೆ. ಅಜ್ಜ ಬೀಜಗಳ ಒಂದು ಸಾಲನ್ನು ಕೈಯಿಂದ ಒರೆಸಿ ತೆಗೆದರು. ನೋಡು, ಇದನ್ನು ತೆಗೆದರೆ ಪಕ್ಕದವನ ಗೆರೆ ಯಾವುದು ಅಂತ ಕೇಳಿದರು. ಕೆಳಗೆ ಲಾಬುವಾನ್ ಬಾಜೊದಲ್ಲಿ ಮಾರುತ್ತಿದ್ದಾರಲ್ಲ ಅಂದಿದ್ದಕ್ಕೆ ಅವರ ಮುಖ ಸಣ್ಣದಾಯಿತು. ಸರ್ಕಾರದ ಜಮೀನು ಸರ್ಟಿಫಿಕೇಟು ಬಂದ ಮೇಲೆ ಜನ ನಡುಬಿಂದು ಮರೆತರು ಅಂದರು. ನನಗೆ ಆ ದಲ್ಲಾಳಿಯ ಮುಖ ನೆನಪಾಯಿತು.

ಇಷ್ಟರವರೆಗೆ ನಾನು ಪೂರ್ತಿ ಅಜ್ಜನ ಕಡೆಗಿದ್ದೆ. ಸಂಜೆ ಮನೆಯ ಕೆಳಗೆ, ನೆಲಕ್ಕೂ ಹಲಗೆಗೂ ನಡುವಿನ ಜಾಗದಲ್ಲಿ, ಒಬ್ಬ ಹೆಂಗಸು 'ಸೊಂಕೆ' ಬಟ್ಟೆ ನೇಯುತ್ತಿದ್ದಳು. ಕಪ್ಪು ನೂಲಿನ ಮೇಲೆ ಹಳದಿ, ಕೆಂಪು, ಹಸಿರು ಚಿತ್ತಾರ. ಹಗ್ಗವನ್ನು ಸೊಂಟಕ್ಕೆ ಬಿಗಿದು, ಕಾಲು ಚಾಚಿ, ಬೆನ್ನು ಹಿಂದಕ್ಕೆಳೆದು ನೂಲು ಬಿಗಿ ಮಾಡುವ ಮಗ್ಗ. ನನ್ನ ವಯಸ್ಸಿನವಳೇ. ಹುಡುಗನನ್ನು ಕರೆದುಕೊಂಡು ಹೋಗಿ ಕೂತೆ. ನಿಮ್ಮ ಪಾಲಿಗೆ ಎಷ್ಟು ಬೆರಳು ಬಂತು ಅಂತ ಕೇಳಿದೆ.

ಅವಳು ಕೈ ನಿಲ್ಲಿಸಲಿಲ್ಲ. "ನಾನು ಹೊರಗಿನವಳು" ಅಂದಳು.

ಬೇರೆ ಊರಿನಿಂದ ಬಂದವಳು ಅನ್ನುತ್ತಿದ್ದಾಳೆ ಅಂದುಕೊಂಡೆ. ಹಾಗಲ್ಲ ಅಂತ ಹುಡುಗ ವಿವರಿಸಿದ. ಮಂಗರಾಯ್‌ನಲ್ಲಿ ಗಂಡು ಹುಟ್ಟಿದರೆ ಒಳಗಿನವನು, ಹೆಣ್ಣು ಹುಟ್ಟಿದರೆ ಹೊರಗಿನವಳು. ಮದುವೆಯಾಗಿ ಹೋಗುವವಳಿಗೆ ಹೊಲದಲ್ಲಿ ಬೆರಳಿಲ್ಲ. ಗಂಡಿನ ಕಡೆಯವರು ಹೆಣ್ಣಿನ ಮನೆಗೆ ಎಮ್ಮೆ, ಕುದುರೆ, ಹಣ ಕೊಡುತ್ತಾರೆ. ಅಪ್ಪನಿಗೆ ಪ್ರೀತಿ ಇದ್ದರೆ, ಅಣ್ಣತಮ್ಮಂದಿರು ಒಪ್ಪಿದರೆ, ಮಗಳಿಗೆ ಒಂದು ತುಂಡು ಜಮೀನು ಉಡುಗೊರೆಯಾಗಿ ಕೊಡುವುದೂ ಉಂಟು. ಅದಕ್ಕೆ 'ವಿದಾಂಗ್' ಅನ್ನುತ್ತಾರೆ.

"ನಿನಗೆ ಕೊಟ್ಟರಾ?"

"ಅಪ್ಪ ಒಪ್ಪಿದ್ದರು. ಅಣ್ಣಂದಿರು ಒಪ್ಪಲಿಲ್ಲ."

ನಿಮ್ಮ ಊರಲ್ಲಿ ಹೇಗೆ ಅಂತ ಅವಳು ತಿರುಗಿ ಕೇಳಿದಳು. ನಮ್ಮ ರಾಜ್ಯದಲ್ಲಿ 1994ರಲ್ಲೇ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಅಂತ ಹಿಂದೂ ಉತ್ತರಾಧಿಕಾರ ಕಾನೂನನ್ನು ತಿದ್ದಿದರು, 2005ರಲ್ಲಿ ಇಡೀ ದೇಶಕ್ಕೆ ಅದು ಬಂತು ಅಂದೆ. ಹುಡುಗ ಹೇಳಿ ಮುಗಿಸಿದಾಗ ಅವಳ ಕೈ ಮೊದಲ ಸಲ ನಿಂತಿತು. ಎಲ್ಲರಿಗೂ ಸಿಗುತ್ತಾ ಅಂದಳು. ಅವಳಿಗೆ ಅರ್ಧ ಸತ್ಯ ಹೇಳಿ ಎದ್ದು ಬರಲು ನನಗೆ ಮನಸ್ಸಾಗಲಿಲ್ಲ. ಅಣ್ಣತಮ್ಮಂದಿರು ಬಿಡುಗಡೆ ಪತ್ರ ತರುತ್ತಾರೆ, ಅರಿಸಿನ ಕುಂಕುಮಕ್ಕೆ ಅಂತ ಒಂದಿಷ್ಟು ಕೊಡುತ್ತಾರೆ, ತವರಿನ ಬಾಗಿಲು ಮುಚ್ಚಬಾರದು ಅಂತ ಎಷ್ಟೋ ಜನ ಸಹಿ ಹಾಕಿಬಿಡುತ್ತಾರೆ ಅಂದೆ. ನನ್ನ ಅತ್ತೆಯಂದಿರು ನಮ್ಮ ಜಗಲಿಯಲ್ಲೇ ಹಾಗೆ ಸಹಿ ಹಾಕಿದ್ದನ್ನು ಹೇಳಿದೆ. ದೊಡ್ಡತ್ತೆ ಸಹಿ ಮಾಡಿ, ಪೆನ್ನಿನ ಮುಚ್ಚಳ ಹಾಕಿ, ಅಪ್ಪನ ಕೈಗೆ ಕೊಟ್ಟು, ಅಡುಗೆಮನೆಗೆ ಹೋಗಿ ಸಾರಿಗೆ ಒಗ್ಗರಣೆ ಹಾಕಿದ್ದರು. ಅವಳು ಅಂಥ ಅತ್ತೆಯನ್ನು ತಾನೂ ಕಂಡಿದ್ದೇನೆ ಅನ್ನುವ ಹಾಗೆ ತಲೆಯಾಡಿಸಿದಳು.

ಅವಳ ಮಗಳು ರುತೆಂಗ್ ಪಟ್ಟಣದಲ್ಲಿ ಓದುತ್ತಿದ್ದಾಳೆ. ಊರಲ್ಲಿ ಶಾಲೆಗೆ ಹೋಗುವ ಮಕ್ಕಳಿರುವವರು ಬೆಟ್ಟದ ಕೆಳಗಿನ ಕೊಂಬೊದಲ್ಲಿ ಇನ್ನೊಂದು ಮನೆ ಮಾಡಿಕೊಳ್ಳುತ್ತಾರೆ. ಸೊಂಕೆ ಮಾರಿದ ದುಡ್ಡಲ್ಲಿ ಅವಳು ಅಲ್ಲೊಂದು ಸಣ್ಣ ಜಾಗ ಕೊಳ್ಳಬೇಕು ಅಂತಿದ್ದಾಳೆ. ಸರ್ಟಿಫಿಕೇಟು ಮಗಳ ಹೆಸರಲ್ಲಿ. ಅಜ್ಜ ಬೇಸರದಿಂದ ಹೇಳಿದ ಅದೇ ಸರ್ಟಿಫಿಕೇಟು. ನನಗೆ ಅಜ್ಜನ ಹೊಲವೂ ಬೇಕು, ಇವಳ ಮಗಳ ಕಾಗದವೂ ಬೇಕು. ಎರಡನ್ನೂ ಒಂದೇ ಚಾಪೆಯ ಮೇಲೆ ಹೇಗೆ ಜೋಡಿಸುವುದು ಅಂತ ಆ ರಾತ್ರಿ ಅತಿಥಿ ಮನೆಯಲ್ಲಿ ಮಲಗಿ ಬಹಳ ಹೊತ್ತು ಯೋಚಿಸಿದೆ. ಅವಳ ಹತ್ತಿರ ಒಂದು ಸೊಂಕೆ ಕೊಂಡೆ. ಚೌಕಾಸಿ ಮಾಡಲಿಲ್ಲ, ನೀವೂ ದಯವಿಟ್ಟು ಮಾಡಬೇಡಿ.

ಕೆಳಗಿಳಿದು ರುತೆಂಗ್‌ಗೆ ಹೋದೆವು. ಅಲ್ಲಿಗೆ ಹತ್ತಿರದ ಚಾಂಚಾರ್‌ನಲ್ಲಿ ಗುಡ್ಡ ಹತ್ತಿದರೆ ಇಂಥ ಹೊಲಗಳು ಕಣ್ಣ ಮುಂದೆ ಹರಡಿಕೊಳ್ಳುತ್ತವೆ. ಜೇಡರ ಬಲೆ ಗದ್ದೆ ಅಂತ ಪ್ರಸಿದ್ಧ. ಜನ ಬಂದು, ಫೋಟೊ ಹೊಡೆದು, ಹೊರಟುಬಿಡುತ್ತಾರೆ. ನಾನು ಒಂದೊಂದೇ ಗೆರೆ ಹಿಡಿದು ನೋಡುತ್ತಾ ನಿಂತೆ. ಕೆಲವು ಪಾಲು ತೀರಾ ಸಪೂರ, ಅಣ್ಣತಮ್ಮಂದಿರು ಮತ್ತೆ ಹಂಚಿಕೊಂಡಿರಬೇಕು. ಒಂದೆರಡು ಕಡೆ ಗದ್ದೆಯ ಮೇಲೆ ತಗಡಿನ ಮನೆ ಎದ್ದು ಗೆರೆ ಕಡಿದುಹೋಗಿತ್ತು. ನೀವು ಫ್ಲೋರೆಸ್‌ಗೆ ಹೋಗುವುದಾದರೆ ಮೊದಲು ವಾಯೆ ರೆಬೊ ಹತ್ತಿ, ಚಾಂಚಾರ್ ಆಮೇಲೆ ನೋಡಿ. ಬೆಳಿಗ್ಗೆ ಬೇಗ ಹೋಗಿ, ಮಧ್ಯಾಹ್ನಕ್ಕೆ ಮೋಡ ಕವಿಯುತ್ತದೆ. ಜೊತೆಗೆ ಊರಿನವರು ಯಾರಾದರೂ ಇದ್ದರೆ, ಯಾವ ಪಾಲು ಯಾರದ್ದು ಅಂತ ಕೇಳಿ. ಹೆಣ್ಣುಮಕ್ಕಳ ಹೆಸರಲ್ಲಿ ಯಾವುದಾದರೂ ಇದೆಯಾ ಅಂತಲೂ ಕೇಳಿ.