ಕನ್ನಡಿ ಅರಮನೆ ಎಲ್ಲಿ?

ಇವತ್ತು ಮಗಳನ್ನು ಪುಣೆಯ ಶನಿವಾರವಾಡಾಕ್ಕೆ, ಮರಾಠರ ಪೇಶ್ವೆ ಬಾಜಿರಾವ್ ಕಟ್ಟಿಸಿದ ಕೋಟೆಗೆ, ಕರೆದುಕೊಂಡು ಹೋಗಿದ್ದೆ. ಒಳಗೆ ಕಾಲಿಟ್ಟವಳೇ, "ಅಮ್ಮಾ, ಕನ್ನಡಿ ಅರಮನೆ ಎಲ್ಲಿ?" ಅಂದಳು. ಟೀವಿಯಲ್ಲಿ 'ಬಾಜಿರಾವ್ ಮಸ್ತಾನಿ' ಸಿನಿಮಾ ನೋಡಿದ್ದಾಳಲ್ಲ!

ಇಲ್ಲಿರುವುದು ಹುಲ್ಲು, ಕಲ್ಲಿನ ಅಡಿಪಾಯ. ಮರದ ವಾಡೆ 1828ರ ಬೆಂಕಿಯಲ್ಲೇ ಹೋಯಿತು ಅಂದೆ. ಮುಖ ಸಣ್ಣದಾಯಿತು.

"ಬಾಜಿರಾವ್ ಯುದ್ಧದಲ್ಲಿ ಸತ್ತಿದ್ದಾ?"

ಅಲ್ಲ ಕಣೇ. 1740ರಲ್ಲಿ, ನರ್ಮದೆಯ ದಡದಲ್ಲಿ, ಜ್ವರ ಬಂದು.

"ಬರೀ ಜ್ವರಾನಾ?"

ಸಿನಿಮಾದವರಿಗೂ ಅದೇ ತೊಂದರೆ ಇರಬೇಕು. ಸುಮ್ನೆ ಜ್ವರ ಅಂದರೆ ಸಾಲದು, ಸಾಯುವಾಗಲೂ ಕುದುರೆ, ಹಾಡು, ಗಾಳಿಗೆ ಹಾರುವ ಕೂದಲು ಬೇಕು. ನಾನೂ ಟಿಕೆಟ್ ಕೊಟ್ಟು ಅತ್ತವಳೇ ಬಿಡಿ.

ಹೊರಡುವಾಗ ದಿಲ್ಲಿ ದರವಾಜಾದ ಹತ್ತಿರ ನಿಂತುಬಿಟ್ಟಳು. ಆ ದೊಡ್ಡ ಬಾಗಿಲಲ್ಲಿ ಚೂಪು ಚೂಪಾದ ಕಬ್ಬಿಣದ ಮೊಳೆಗಳು. ಆನೆ ಹಣೆ ಕೊಟ್ಟು ಗುದ್ದದಿರಲಿ ಅಂತ.

ಕತ್ತೆತ್ತಿ ನೋಡಿದಳು. ತನ್ನ ಹಣೆ ಮುಟ್ಟಿಕೊಂಡಳು.

"ಪಾಪ, ಆನೆ."